ಸುರಕ್ಷಿತ ಚಾಲನೆಯ ಸ್ವಯಂಸೇವಾ ಗುಂಪು ಬೆಳೆಯುತ್ತಿಲ್ಲ, ಎಲ್ಲಿ ಎಡವುತ್ತಿದ್ದೇವೆ?

ಮೈಲಿಗಲ್ಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾರು, ಬೈಕ್ ಓಡಿಸುವವರಿಗೆ ಉಚಿತವಾಗಿ ಸುರಕ್ಷಿತ ಚಾಲನೆ ಹೇಳಿಕೊಡುವ ಚಿಕ್ಕ ಸ್ವಯಂಸೇವಾ ಗುಂಪು ನಮ್ಮದು. ಲೈಸೆನ್ಸ್ ಇರುವವರನ್ನಷ್ಟೇ ಸೇರಿಸಿಕೊಳ್ಳುತ್ತೇವೆ, ಹೊಸಬರಿಗೆ ಮೊದಲಿನಿಂದ ಕಲಿಸುವ ಕೆಲಸ ನಮ್ಮದಲ್ಲ. ಮಾರ್ಗದರ್ಶಕರು ಕಾರಿನಲ್ಲಾದರೆ ಪಕ್ಕದಲ್ಲಿ ಕೂತು, ಬೈಕಿನಲ್ಲಾದರೆ ಹಿಂದೆ ಬಂದು ಗಮನಿಸುತ್ತಾರೆ. ಆಮೇಲೆ ತಿದ್ದಿಕೊಳ್ಳಬೇಕಾದ್ದನ್ನು ಹೇಳುತ್ತಾರೆ.

ಪಟ್ಟಿಯಲ್ಲಿ ಹೆಸರುಗಳು ಬಹಳ ಇವೆ, ಕೆಲಸಕ್ಕೆ ಬರುವವರು ಏಳೆಂಟು ಮಂದಿ. ಅವರಲ್ಲಿ ಮಾರ್ಗದರ್ಶನ ಮಾಡಬಲ್ಲವರು ಮೂವರು. ಜಾಥಾ ಮಾಡಿದೆವು, ಕರಪತ್ರ ಹಂಚಿದೆವು. ಆ ದಿನ ಜನ ಸೇರಿದರು, ಹೆಸರೂ ಕೊಟ್ಟರು. ಆಮೇಲೆ ಫೋನ್ ಮಾಡಿದರೆ ಹೆಚ್ಚಿನವರು ಬರಲಿಲ್ಲ. ಯುವಕರಂತೂ ತಿರುಗಿ ನೋಡುತ್ತಿಲ್ಲ. ಅವರನ್ನು ಸೆಳೆಯಲು ಮೈದಾನದಲ್ಲಿ ‘ಸ್ಕಿಡ್ ಆದಾಗ ಗಾಡಿ ಹಿಡಿತಕ್ಕೆ ತರುವುದು ಹೇಗೆ’ ಎಂಬ ಶಿಬಿರ ಮಾಡೋಣ ಎಂದು ಒಬ್ಬರು ಹೇಳುತ್ತಿದ್ದಾರೆ. ಅಪಘಾತದ ಚಿತ್ರಗಳ ಪ್ರದರ್ಶನ ಇಡೋಣ ಎಂಬುದು ಇನ್ನೊಬ್ಬರ ಸಲಹೆ. ಇಂಥ ಗುಂಪುಗಳನ್ನು ನಡೆಸಿ ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ. ಮೊದಲು ಕೈಹಾಕಬೇಕಾದ್ದು ಯಾವುದಕ್ಕೆ?

ಕೈಮರ

ನಿಮ್ಮ ತೊಡಕು ಪ್ರಚಾರದ್ದಲ್ಲ, ಮಾರ್ಗದರ್ಶಕರ ಸಂಖ್ಯೆಯದು. ಜನರನ್ನು ಸೆಳೆಯುವ ಮಾತು ಆಮೇಲೆ, ಮೊದಲು ಈ ಲೆಕ್ಕ ಹಾಕಿ ನೋಡಿ.

ಕಲಿಯಲು ಬಂದ ಒಬ್ಬರಿಗೆ 6ರಿಂದ 8 ಸುತ್ತು, ಅಂದರೆ ಮಾರ್ಗದರ್ಶಕರ ಜೊತೆ ಓಡಿಸುವ ಅಭ್ಯಾಸ, ಬೇಕು. ಎರಡು ವಾರಕ್ಕೊಂದು ಸುತ್ತು ಎಂದರೆ 8 ಸುತ್ತಿಗೆ 16 ವಾರ. ಸ್ವಂತ ಕೆಲಸ, ಮನೆ ನೋಡಿಕೊಂಡು ಬರುವ ಮಾರ್ಗದರ್ಶಕರು ಏಕಕಾಲಕ್ಕೆ ಇಬ್ಬರನ್ನು ಚೆನ್ನಾಗಿ ನೋಡಿಕೊಳ್ಳಬಲ್ಲರು, ಮೂರನೆಯವರು ಬಂದರೆ ದಿನಾಂಕಗಳು ಜಾರತೊಡಗುತ್ತವೆ. ಹಾಗಾಗಿ ನಿಮ್ಮ ಮೂವರಿಂದ ಒಂದು ಸಲಕ್ಕೆ 6 ಮಂದಿ, ವರ್ಷಕ್ಕೆ ಕಾಗದದ ಮೇಲೆ 18. ಮಳೆ, ಊರಿಗೆ ಹೋಗುವುದು, ಕಾಯಿಲೆ ಎಲ್ಲ ಕಳೆದರೆ 12ರ ಆಸುಪಾಸು. ಜಾಥಾದಲ್ಲಿ 40 ಹೆಸರು ಬಂದವು ಎಂದಿಟ್ಟುಕೊಳ್ಳಿ, 34 ಮಂದಿಯನ್ನು ನೀವು ಕಾಯಿಸಲೇಬೇಕು. ಉತ್ಸಾಹದಲ್ಲಿ ಹೆಸರು ಕೊಟ್ಟವರು ಒಂದು ತಿಂಗಳು ಕಾದರೆ ಆ ಉತ್ಸಾಹ ಉಳಿದಿರುವುದಿಲ್ಲ. ಅವರು ಬರಲಿಲ್ಲ ಎನ್ನುವ ಮೊದಲು, ಹೆಸರು ಕೊಟ್ಟ ದಿನಕ್ಕೂ ಮೊದಲ ಸುತ್ತಿನ ದಿನಕ್ಕೂ ಎಷ್ಟು ಅಂತರವಿತ್ತು ಎಂಬುದನ್ನು ಪಟ್ಟಿ ತೆಗೆದು ನೋಡಿ.

ಆದ್ದರಿಂದ ಮುಂದಿನ ಮೂರು ತಿಂಗಳು ಜಾಥಾ, ಕರಪತ್ರ ನಿಲ್ಲಿಸಿ. ಈ ಹಿಂದೆ ನಿಮ್ಮಲ್ಲಿ ಪೂರ್ತಿ ಕಲಿತವರಲ್ಲಿ ನಾಲ್ವರನ್ನು ಆರಿಸಿ ಮಾರ್ಗದರ್ಶಕರನ್ನಾಗಿ ತಯಾರು ಮಾಡಿ. ಆರಿಸುವಾಗ ಯಾರು ಅತ್ಯುತ್ತಮವಾಗಿ ಓಡಿಸುತ್ತಾರೆ ಎಂದಷ್ಟೇ ನೋಡಬೇಡಿ, ಯಾರಿಗೆ ಕೇಳಿಸಿಕೊಳ್ಳುವ ತಾಳ್ಮೆ ಇದೆ ಎಂದೂ ನೋಡಿ. ಬಹಳ ಚೆನ್ನಾಗಿ ಓಡಿಸುವವರು ಮಾರ್ಗದರ್ಶಕರಾಗಿ ಸೋಲುವುದಕ್ಕೆ ಸಾಮಾನ್ಯ ಕಾರಣ, ಒಂದೇ ಸುತ್ತಿನಲ್ಲಿ ಹನ್ನೆರಡು ತಪ್ಪು ಎತ್ತಿ ತೋರಿಸುವುದು. ಎದುರಿಗಿರುವವರ ತಲೆಯಲ್ಲಿ ಎರಡು ಉಳಿದರೆ ಹೆಚ್ಚು, ಮುಂದಿನ ಸುತ್ತಿಗೆ ಬರಲು ಮನಸ್ಸೂ ಇರುವುದಿಲ್ಲ.

ತಯಾರಿ ಹೀಗಿರಲಿ. ಮೊದಲ ಎರಡು ಸುತ್ತು ಹಿಂದಿನ ಸೀಟಿನಲ್ಲಿ ಕೂತು ಹಿರಿಯ ಮಾರ್ಗದರ್ಶಕರು ಏನು ಹೇಳುತ್ತಾರೆ, ಯಾವಾಗ ಸುಮ್ಮನಿರುತ್ತಾರೆ ಎಂದು ಬರೆದುಕೊಳ್ಳಬೇಕು. ಮುಂದಿನ ಮೂರು ಸುತ್ತು ತಾವೇ ನಡೆಸಬೇಕು, ಆಗ ಹಿರಿಯರು ಹಿಂದಿನ ಸೀಟಿನಲ್ಲಿ. ಬೈಕಿನಲ್ಲಾದರೆ ಮೂರು ಗಾಡಿ: ಮುಂದೆ ಕಲಿಯುವವರು, ನಡುವೆ ಹೊಸ ಮಾರ್ಗದರ್ಶಕರು, ಕೊನೆಗೆ ಹಿರಿಯರು. ಕೊನೆಗೊಂದು ಪರಿಶೀಲನೆ. ಅದನ್ನು ತಯಾರು ಮಾಡಿದವರೇ ಮಾಡಬಾರದು, ತಾನು ಕಲಿಸಿದವರ ತಪ್ಪು ತನಗೆ ಕಾಣುವುದು ಕಡಿಮೆ. ಬ್ರಿಟನ್‌ನಲ್ಲಿ 1956ರಲ್ಲಿ ಶುರುವಾಗಿ ಈಗ ಐಎಎಂ ರೋಡ್‌ಸ್ಮಾರ್ಟ್ ಎಂದು ಕರೆಸಿಕೊಳ್ಳುವ ಸಂಸ್ಥೆ ನಿಂತಿರುವುದು ಸ್ಥಳೀಯ ಸ್ವಯಂಸೇವಾ ಗುಂಪುಗಳ ಮೇಲೆಯೇ. ಅಲ್ಲಿಯೂ ಜೊತೆಗಿದ್ದು ತಯಾರು ಮಾಡುವ ಸ್ವಯಂಸೇವಕರು ಬೇರೆ, ಕೊನೆಗೆ ಪರೀಕ್ಷಿಸುವವರು ಬೇರೆ. ಈ ವಿಂಗಡಣೆಯನ್ನು ಮೂವರಿರುವ ಗುಂಪೂ ಪಾಲಿಸಬಹುದು, ಅಕ್ಕಪಕ್ಕದ ಊರಿನ ಗುಂಪಿನವರನ್ನು ಕರೆದರಾಯಿತು.

ಇನ್ನೊಂದು, ಸಂಯೋಜಕರು. ಹೆಸರು ಕೊಟ್ಟವರಿಗೆ ಎರಡು ದಿನದೊಳಗೆ ಉತ್ತರ, ಮೂರು ವಾರದೊಳಗೆ ಮೊದಲ ಸುತ್ತು. ಇಷ್ಟನ್ನೇ ಹೊಣೆಯಾಗಿ ಹೊತ್ತ ಒಬ್ಬರು ಬೇಕು, ಅವರಿಗೆ ಬೇರೆ ಕೆಲಸ ಕೊಡಬೇಡಿ. ಹೆಸರು, ಗಾಡಿ, ಬಿಡುವಿನ ದಿನ, ಕೇಳಿದ ದಿನಾಂಕ, ಮಾರ್ಗದರ್ಶಕರು, ಮೊದಲ ಸುತ್ತು, ಕೊನೆಯ ಸುತ್ತು, ಬಿಟ್ಟು ಹೋದರೆ ಕಾರಣ, ಇವಿಷ್ಟಿರುವ ಒಂದು ಪಟ್ಟಿ ಸಾಕು. ಕೊನೆಯ ಸುತ್ತಾಗಿ 21 ದಿನ ಕಳೆದವರಿಗೆಲ್ಲ ಫೋನ್ ಹೋಗಬೇಕು. ಮೆಸೇಜ್ ಅಲ್ಲ, ಫೋನ್. ಹೆಚ್ಚಿನವರು ಬಿಟ್ಟುಹೋಗುವುದು ಬೇಸರದಿಂದಲ್ಲ. ಒಂದು ಸುತ್ತು ತಪ್ಪಿತು, ಮತ್ತೆ ಕೇಳಲು ಸಂಕೋಚ, ಅಷ್ಟೇ. ಜಾಗ ಭರ್ತಿಯಾದಾಗ ‘ಸದ್ಯಕ್ಕೆ ಭರ್ತಿ, ಮುಂದಿನ ತಂಡ ಇಂಥ ತಿಂಗಳು’ ಎಂದು ತೆರೆದೇ ಹೇಳಿ.

ಟಯರ್‌ಗಾಳಿ

ಕೈಮರ ಹೇಳಿದ ಕ್ರಮ ಸರಿ, ಮಾರ್ಗದರ್ಶಕರು ತಯಾರಾದ ಮೇಲೆ ಜನರನ್ನು ಕರೆಯುವ ಬಗೆ ನಾನು ಹೇಳುತ್ತೇನೆ.

‘ನಿಮ್ಮ ಚಾಲನೆ ಸುಧಾರಿಸಿಕೊಳ್ಳಿ’ ಎಂಬ ಕರೆ ಯಾರನ್ನೂ ಮುಟ್ಟುವುದಿಲ್ಲ, ಏಕೆಂದರೆ ತನ್ನ ಚಾಲನೆ ಚೆನ್ನಾಗಿದೆ ಎಂದೇ ಎಲ್ಲರ ನಂಬಿಕೆ. ಓಲಾ ಸ್ವೆನ್ಸನ್ ಎಂಬ ಸ್ವೀಡನ್ನಿನ ಸಂಶೋಧಕರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದವರೂ ಸ್ವೀಡನ್ನಿನವರೂ ಬಹುಪಾಲು ತಾವು ಉಳಿದವರಿಗಿಂತ ಸುರಕ್ಷಿತ ಚಾಲಕರು ಎಂದೇ ಹೇಳಿಕೊಂಡಿದ್ದರು. ಹಾಗಾಗಿ ಕೊರತೆ ಎತ್ತಿ ಕರೆಯಬೇಡಿ, ಒಂದು ನಿರ್ದಿಷ್ಟ ಕೆಲಸ ಹೆಸರಿಸಿ ಕರೆಯಿರಿ. ‘ಮಳೆಯಲ್ಲಿ ಬ್ರೇಕ್ ಹಿಡಿಯುವುದು’, ‘ರಾತ್ರಿ ಹೆದ್ದಾರಿಯಲ್ಲಿ ಲಾರಿ ದಾಟುವ ಮುನ್ನ’, ‘ಹಿಂದೆ ಒಬ್ಬರನ್ನು ಕೂರಿಸಿಕೊಂಡಾಗ ಬೈಕ್ ಹೇಗೆ ಬದಲಾಗುತ್ತದೆ’, ಇಂಥವು. ಒಂದೂವರೆ ಗಂಟೆ, ಒಂದೇ ವಿಷಯ.

ಯಾರನ್ನು ಕರೆಯಬೇಕು ಎಂಬುದೂ ಮುಖ್ಯ. ಎಲ್ಲರಿಗೂ ಎಂದು ಕರೆದರೆ ಯಾರೂ ಬರುವುದಿಲ್ಲ. ಲೈಸೆನ್ಸ್ ಬಂದು ವರ್ಷ ತುಂಬದವರು, ಮೊದಲ ಸಲ ದೊಡ್ಡ ಬೈಕ್ ಕೊಂಡವರು, ಬಹಳ ವರ್ಷದ ನಂತರ ಮತ್ತೆ ಬೈಕ್ ಹತ್ತಿದವರು, ಮಗನಿಗೋ ಮಗಳಿಗೋ ಈಗಷ್ಟೇ ಗಾಡಿಯ ಕೀಲಿ ಕೊಟ್ಟ ತಂದೆತಾಯಿ, ದಿನವಿಡೀ ರಸ್ತೆಯಲ್ಲೇ ಇರುವ ಡೆಲಿವರಿ ಹುಡುಗರು. ಕೊನೆಯವರಿಗೆ ಸಮಯವೇ ಹಣ, ಭಾನುವಾರ ಬೆಳಗ್ಗೆ ಬನ್ನಿ ಎಂದರೆ ಆಗದು. ಅವರು ಆರ್ಡರ್‌ಗಾಗಿ ಕಾಯುವ ಜಾಗಕ್ಕೇ ನೀವು ಹೋಗಿ 15 ನಿಮಿಷದ ತಪಾಸಣೆ ಮಾಡಿಕೊಡಿ.

ತಪಾಸಣೆ ಮೇಜು ಕರಪತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಬೇಕಾದ್ದು ಒಂದು ಮೇಜು, ಎರಡು ಗಾಳಿ ಅಳೆಯುವ ಗೇಜ್, ಟಯರಿನ ಮೇಲಿನ ಗೀರುಗಳ (ಟ್ರೆಡ್) ಆಳ ನೋಡುವ ಒಂದು ಗೇಜ್, ಒಂದು ಇಂಚುಪಟ್ಟಿ, ಒಂದು ಒಳ್ಳೆಯ ಹೆಲ್ಮೆಟ್, ನೋಟ್‌ಬುಕ್. ಇಬ್ಬರು ಸಾಕು, ಒಬ್ಬರು ಗಾಡಿ ನೋಡಲಿ, ಇನ್ನೊಬ್ಬರು ಮಾತಾಡಲಿ.

ಗಾಳಿ ನೋಡುವಾಗ ಆಗುವ ತಪ್ಪು ಮೂರು. ಒಂದು, ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಯನ್ನು ನೋಡಿ ಗಾಳಿ ತುಂಬುವುದು. ಅದು ಆ ಟಯರ್ ತಡೆಯುವ ಗರಿಷ್ಠ ಒತ್ತಡ, ನಿಮ್ಮ ಗಾಡಿಗೆ ಬೇಕಾದ್ದಲ್ಲ. ಬೇಕಾದ ಅಂಕಿ ಕಾರಿನಲ್ಲಿ ಸಾಮಾನ್ಯವಾಗಿ ಚಾಲಕರ ಬಾಗಿಲ ಚೌಕಟ್ಟಿನಲ್ಲಿ, ಬೈಕಿನಲ್ಲಿ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಅಥವಾ ಚೈನ್ ಕವರ್ ಮೇಲೆ ಇರುತ್ತದೆ, ಕೈಪಿಡಿಯಲ್ಲಂತೂ ಇದ್ದೇ ಇರುತ್ತದೆ. ಎರಡು, ಓಡಿ ಬಂದ ಬಿಸಿ ಟಯರಿನಲ್ಲಿ ಒತ್ತಡ ಹೆಚ್ಚು ತೋರಿಸಿತೆಂದು ಗಾಳಿ ಬಿಡುವುದು. ತಣ್ಣಗಾದ ಮೇಲೆ ಅದು ಕಡಿಮೆಯಾಗಿಬಿಡುತ್ತದೆ. ಬಿಸಿ ಇದ್ದರೆ ಬರೆದುಕೊಟ್ಟು, ಬೆಳಗ್ಗೆ ತಣ್ಣಗಿರುವಾಗ ನೋಡಿಸಿ ಎನ್ನಿ. ಮೂರು, ಗೇಜ್‌ಗಳೇ ಒಂದಕ್ಕೊಂದು ಹೊಂದದಿರುವುದು. ಶುರು ಮಾಡುವ ಮುನ್ನ ಒಂದೇ ಟಯರಿಗೆ ಎರಡನ್ನೂ ಹಾಕಿ ನೋಡಿ.

ಟಯರಿನ ಗೀರುಗಳ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾಗಿರಬಾರದು ಎಂಬುದು ಅನೇಕ ದೇಶಗಳಲ್ಲಿ ಕಾರಿಗಿರುವ ಕಾನೂನಿನ ಕನಿಷ್ಠ. ಆದರೆ ನೀರು ನಿಂತ ರಸ್ತೆಯಲ್ಲಿ ಹಿಡಿತ ಅದಕ್ಕಿಂತ ಮೊದಲೇ ಕುಗ್ಗುತ್ತದೆ, 3 ಮಿಲಿಮೀಟರ್‌ಗೆ ಬಂದಾಗಲೇ ಬದಲಿಸುವ ಯೋಚನೆ ಮಾಡಿ ಎಂದು ಹೇಳಿ. ಹೆಲ್ಮೆಟ್‌ಗೆ ಒಂದೇ ಪರೀಕ್ಷೆ: ಪಟ್ಟಿ ಬಿಗಿದು, ಹಿಂಭಾಗದ ಕೆಳ ಅಂಚನ್ನು ಹಿಡಿದು ಮೇಲಕ್ಕೂ ಮುಂದಕ್ಕೂ ಎತ್ತಬೇಕು. ಕಳಚಿ ಬಂದರೆ ಬೀಳುವಾಗಲೂ ಕಳಚಿಕೊಳ್ಳುತ್ತದೆ. ಇದನ್ನು ಅವರ ಕೈಯಿಂದಲೇ ಮಾಡಿಸಿ. ತಲೆಯ ಮೇಲಿದ್ದ ಹೆಲ್ಮೆಟ್ ಮೂಗಿನ ಮೇಲೆ ಜಾರಿದ್ದನ್ನು ತಾವೇ ನೋಡಿದವರಿಗೆ ಭಾಷಣ ಬೇಕಾಗುವುದಿಲ್ಲ.

ಕೊನೆಯಲ್ಲಿ ‘ಆಸಕ್ತಿ ಇದ್ದರೆ ಫೋನ್ ಮಾಡಿ’ ಎನ್ನಬೇಡಿ. ನೋಟ್‌ಬುಕ್ ತೆರೆದು, ಮುಂದಿನ ಮೂರು ವಾರದ ಖಾಲಿ ದಿನ ತೋರಿಸಿ, ಅಲ್ಲೇ ಒಂದನ್ನು ಬರೆಸಿಕೊಳ್ಳಿ. ಖಾಲಿ ದಿನ ಇಲ್ಲದಿದ್ದರೆ ಮೇಜನ್ನೇ ಹಾಕಬೇಡಿ.

ಎರಡುಸೆಕೆಂಡ್

ಸ್ಕಿಡ್ ಶಿಬಿರದ ವಿಚಾರ. ದಯವಿಟ್ಟು ಬೇಡ. ಇದು ಕೇವಲ ಅಭಿಪ್ರಾಯವಲ್ಲ. ಸ್ವೀಡನ್ನಿನಲ್ಲಿ ನಿಲ್ಸ್ ಪೀಟರ್ ಗ್ರೆಗರ್ಸನ್ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿನ ಯುವಕರಿಗೆ ಜಾರುವ ನೆಲದಲ್ಲಿ ಗಾಡಿ ನಿಭಾಯಿಸುವ ಕೌಶಲ ಹೇಳಿಕೊಟ್ಟರು, ಇನ್ನೊಂದು ಗುಂಪಿಗೆ ತಮ್ಮ ಮಿತಿ ಎಷ್ಟೆಂದು ಮನವರಿಕೆ ಮಾಡಿಸಿದರು. ಪರೀಕ್ಷೆಯಲ್ಲಿ ಎರಡೂ ಗುಂಪಿನ ಕೌಶಲ ಹೆಚ್ಚುಕಡಿಮೆ ಒಂದೇ ಇತ್ತು, ಆದರೆ ಕೌಶಲ ಕಲಿತವರು ತಮ್ಮ ಸಾಮರ್ಥ್ಯವನ್ನು ಇದ್ದದ್ದಕ್ಕಿಂತ ಹೆಚ್ಚೆಂದು ಅಂದಾಜಿಸಿದ್ದರು. ಅರ್ಧ ದಿನದ ಶಿಬಿರದಲ್ಲಿ ಕಲಿತ ಕೈಚಳಕ ಕೆಲವೇ ತಿಂಗಳಲ್ಲಿ ಮಾಸುತ್ತದೆ, ‘ನನಗೆ ಗೊತ್ತಿದೆ’ ಎಂಬ ಭಾವ ಉಳಿಯುತ್ತದೆ. ಆ ಭಾವ ಹೊತ್ತು ತಿರುವಿಗೆ ಹೋದವರು ಹೆಚ್ಚು ವೇಗದಲ್ಲಿರಬಹುದು. ಯುವಕರನ್ನು ಸೆಳೆಯುವುದು ನಿಜ, ಆದರೆ ಯಾವುದಕ್ಕಾಗಿ ಗುಂಪು ಕಟ್ಟಿದಿರೋ ಅದಕ್ಕೇ ಏಟು.

ಮೈದಾನ ಸಿಗುವುದಾದರೆ ಅಲ್ಲೇ ಇದನ್ನು ಮಾಡಿ. 50 ಮೀಟರ್ ಅಳತೆ ಟೇಪು, ಐದು ಕೋನ್. ಶುರುವಿಗೆ ಒಂದು ಕೋನ್ ಇಡಿ, ಅದೇ ‘ಅಪಾಯ ಕಂಡ ಜಾಗ’. ಒಣ ರಸ್ತೆ, ಒಳ್ಳೆಯ ಟಯರು, ಗಮನ ಪೂರ್ತಿ ರಸ್ತೆಯ ಮೇಲೆ, ಪ್ರತಿಕ್ರಿಯೆಗೆ 1 ಸೆಕೆಂಡ್ ಎಂದುಕೊಳ್ಳೋಣ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ತಾಗುವಷ್ಟರಲ್ಲಿ ಗಾಡಿ 8 ಮೀಟರ್ ಮುಂದೆ ಹೋಗಿರುತ್ತದೆ, ಬ್ರೇಕ್ ಹಿಡಿದ ಮೇಲೆ ಇನ್ನು 5, ಒಟ್ಟು 13. ಅಲ್ಲೊಂದು ಕೋನ್. 60 ಕಿಲೋಮೀಟರ್ ವೇಗದಲ್ಲಿ ಮೊದಲ ಭಾಗ 17 ಮೀಟರ್, ಎರಡನೆಯದು 20, ಒಟ್ಟು 37. ಅಲ್ಲೂ ಒಂದು ಕೋನ್. ವೇಗ ಎರಡರಷ್ಟಾದಾಗ ಬ್ರೇಕಿನ ದೂರ ನಾಲ್ಕರಷ್ಟು ಎಂಬುದು ಕಣ್ಣಿಗೆ ಕಾಣುತ್ತದೆ. ಉಳಿದ ಎರಡು ಕೋನ್‌ಗಳನ್ನು ಎರಡೂ ವೇಗದಲ್ಲಿ ಬ್ರೇಕ್ ಶುರುವಾಗುವ ಜಾಗದಲ್ಲಿಡಿ. ಜನರನ್ನು ನಡೆಸಿಕೊಂಡು ಹೋಗಿ 13ರಲ್ಲಿ ನಿಲ್ಲಿಸಿ, ‘ಇಲ್ಲಿ ಮಗು ನಿಂತಿದೆ, 30ರಲ್ಲಿದ್ದವರು ನಿಂತರು. 60ರಲ್ಲಿದ್ದವರ ಕಾಲು ಇನ್ನೂ ಬ್ರೇಕ್ ಮುಟ್ಟಿಲ್ಲ’ ಎನ್ನಿ. ಯಾರೂ ವೇಗವಾಗಿ ಓಡಿಸಬೇಕಾಗಿಲ್ಲ, ಯಾರಿಗೂ ಪೆಟ್ಟಾಗುವುದಿಲ್ಲ. ಫೋನ್ ನೋಡುತ್ತಿದ್ದರೆ ಎಂದು ಯಾರಾದರೂ ಕೇಳುತ್ತಾರೆ. 2 ಸೆಕೆಂಡ್ ಹೆಚ್ಚಿಗೆ ಸೇರಿಸಿ, 60ರಲ್ಲಿ ಅದು ಇನ್ನೂ 33 ಮೀಟರ್, ನಿಮ್ಮ ಟೇಪು ಸಾಲುವುದಿಲ್ಲ.

ಅಪಘಾತದ ಚಿತ್ರ ಪ್ರದರ್ಶನವೂ ಇದೇ ಥರ. ಹೆದರಿಸಿ, ಏನು ಮಾಡಬೇಕೆಂದು ಹೇಳದಿದ್ದರೆ ಜನ ‘ಇದು ನನಗಾಗುವುದಲ್ಲ’ ಎಂದು ದೂರ ಸರಿಯುತ್ತಾರೆ. ಮನೆಯವರನ್ನು ಕಳೆದುಕೊಂಡವರು ಆ ಗುಂಪಿನಲ್ಲಿ ನಿಂತಿರಬಹುದು ಎಂಬುದೂ ನೆನಪಿರಲಿ. ಮಡಿದವರನ್ನು ಸ್ಮರಿಸಬೇಕೆಂದಿದ್ದರೆ ಅದಕ್ಕೆಂದೇ ನವೆಂಬರ್ ತಿಂಗಳ ಮೂರನೇ ಭಾನುವಾರವನ್ನು ವಿಶ್ವಸಂಸ್ಥೆ 2005ರಲ್ಲಿ ಗುರುತಿಸಿದೆ. ಆ ದಿನ ಕುಟುಂಬಗಳನ್ನು ಮೊದಲೇ ಕೇಳಿ, ಅವರಿಗೆ ಹೇಗೆ ಬೇಕೋ ಹಾಗೆ ಮಾಡಿ.

ನಿಮ್ಮ ಕೆಲಸ ಫಲ ಕೊಡುತ್ತಿದೆಯೇ ಎಂದು ಅಳೆಯುವಾಗ ‘ನಮ್ಮಿಂದ ಅಪಘಾತ ಕಡಿಮೆಯಾಯಿತು’ ಎಂದು ಎಲ್ಲೂ ಬರೆಯಬೇಡಿ. ಒಂದು ಊರಿನ ಅಪಘಾತದ ಅಂಕಿ ವರ್ಷದಿಂದ ವರ್ಷಕ್ಕೆ ತಾನಾಗಿಯೇ ಏರಿಳಿಯುತ್ತದೆ. ಲೈಸೆನ್ಸ್ ಪಡೆದವರಿಗೆ ಮತ್ತೆ ಕೊಡುವ ಶಿಕ್ಷಣದ ಬಗೆಗಿನ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ, ಕೊಕ್ರೇನ್ ಎಂಬ ಸಂಶೋಧನಾ ಸಂಸ್ಥೆಯ ವಿಮರ್ಶೆಯಲ್ಲೂ ಅಪಘಾತ ತಗ್ಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಅದನ್ನು ಮುಚ್ಚಿಡದೆ, ಕಣ್ಣೆದುರಿನ ನಡವಳಿಕೆಯನ್ನು ಎಣಿಸಿ. ಒಂದೇ ಸಿಗ್ನಲ್ಲಿನಲ್ಲಿ, ಒಂದೇ ವಾರದ ದಿನ, ಒಂದೇ ಹೊತ್ತಿನಲ್ಲಿ ಇಬ್ಬರು ನಿಂತು ಹೆಲ್ಮೆಟ್ ಪಟ್ಟಿ ಬಿಗಿದವರು ಎಷ್ಟು, ಬಿಗಿಯದವರು ಎಷ್ಟು ಎಂದು ಕಾರ್ಯಕ್ರಮಕ್ಕೆ ಮುಂಚೆಯೂ ಎರಡು ತಿಂಗಳ ನಂತರವೂ ಎಣಿಸಬಹುದು. ಪ್ರತಿ ಸಲ 100 ಮಂದಿಯನ್ನು ಎಣಿಸಿದರೆ 14 ಶೇಕಡಾವಾರು ಅಂಶದವರೆಗಿನ ವ್ಯತ್ಯಾಸ ಬರೀ ಆಕಸ್ಮಿಕವಾಗಿರಬಹುದು. 400 ಎಣಿಸಿದರೆ ಅದು 7ಕ್ಕೆ ಇಳಿಯುತ್ತದೆ. ಹಾಗಾಗಿ 400 ಎಣಿಸಿ.

ಮೈಲಿಗಲ್ಲು

ಎಲ್ಲರಿಗೂ ಬಹಳ ಧನ್ಯವಾದ. ಜಾಥಾ ನಿಲ್ಲಿಸಿ, ನಾಲ್ವರನ್ನು ತಯಾರು ಮಾಡುವುದೆಂದು ಇಟ್ಟುಕೊಳ್ಳುತ್ತೇವೆ. ಇನ್ನೆರಡು ಪ್ರಶ್ನೆ. ಹೊಸ ಮಾರ್ಗದರ್ಶಕರಿಗೆ ಮೊದಲ ಸುತ್ತಿನ ಒಂದು ಮಾದರಿ ಕೊಡಬಹುದೇ? ಬೈಕಿನ ಸುತ್ತಿನಲ್ಲಿ ಹೆಲ್ಮೆಟ್‌ಗೆ ಇಂಟರ್‌ಕಾಮ್ ಹಾಕಿ ಮಾತಾಡುತ್ತಾ ಹೋಗುವುದು ಒಳ್ಳೆಯದೇ?

ಹಿಂಬದಿಕನ್ನಡಿ

ಮೊದಲ ಸುತ್ತು 90 ನಿಮಿಷ ಮೀರದಿರಲಿ, ಆಮೇಲೆ ಗಮನ ತಗ್ಗುತ್ತದೆ. ಹೀಗೆ ಹಂಚಿಕೊಳ್ಳಿ.

ಮೊದಲ 10 ನಿಮಿಷ ಕಾಗದಪತ್ರ: ಲೈಸೆನ್ಸ್, ವಿಮೆ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸಿ. ಓದಲಾಗದಿದ್ದರೆ ಅವತ್ತು ಸುತ್ತು ಬೇಡ, ಕಣ್ಣಿನ ಪರೀಕ್ಷೆಗೆ ಕಳಿಸಿ. ಮುಂದಿನ 10 ನಿಮಿಷ ಗಾಡಿ. ಕಾರಿನಲ್ಲಾದರೆ ಸೀಟು: ಎದೆಗೂ ಸ್ಟೀರಿಂಗಿಗೂ ನಡುವೆ 25 ಸೆಂಟಿಮೀಟರ್ ಇರಲಿ, ಹೆಡ್‌ರೆಸ್ಟ್ ತಲೆಯ ಮೇಲ್ತುದಿಯ ಮಟ್ಟಕ್ಕೆ ಬರಲಿ. ಬೈಕಿನಲ್ಲಾದರೆ ಟಯರು, ಬ್ರೇಕ್ ಲಿವರಿನ ಸಡಿಲು, ಚೈನಿನ ಸಡಿಲು, ಹಿಂದಿನ ಬ್ರೇಕ್ ಲೈಟ್.

ಆಮೇಲೆ 20 ನಿಮಿಷ ಅವರು ಎಂದಿನಂತೆ ಓಡಿಸಲಿ, ನೀವು ದಾರಿ ಮಾತ್ರ ಹೇಳಿ. ಇದು ಹೊಸ ಮಾರ್ಗದರ್ಶಕರಿಗೆ ಬಹಳ ಕಷ್ಟದ ಭಾಗ, ಬಾಯಿ ತಡೆಯುವುದಿಲ್ಲ. ಆದರೆ ಅಪಾಯವಿಲ್ಲದ ಹೊರತು ತಡೆದುಕೊಳ್ಳಲೇಬೇಕು, ಇಲ್ಲದಿದ್ದರೆ ಅವರ ನಿಜವಾದ ಅಭ್ಯಾಸ ನಿಮಗೆ ಕಾಣುವುದಿಲ್ಲ. ಮುಂದಿನ ಗಾಡಿಯಿಂದ ಎಷ್ಟು ಅಂತರ ಬಿಡುತ್ತಾರೆ ನೋಡಿ: ಅದು ಒಂದು ಕಂಬ ದಾಟಿದ ಮೇಲೆ ಇವರು ಅದೇ ಕಂಬ ತಲುಪಲು 2 ಸೆಕೆಂಡ್ ಆಗಬೇಕು, ಒದ್ದೆ ರಸ್ತೆಯಲ್ಲಿ 4. ಬ್ರೇಕ್ ಒತ್ತುವ ಮೊದಲು ಕನ್ನಡಿ ನೋಡುತ್ತಾರೆಯೇ? ತಿರುವಿಗೆ ಮುನ್ನವೇ ವೇಗ ಇಳಿಯುತ್ತದೆಯೋ, ತಿರುವಿನೊಳಗೆ ಬ್ರೇಕ್ ಹಿಡಿಯುತ್ತಾರೋ?

ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 10 ನಿಮಿಷ ಮಾತು. ಮೊದಲು ಅವರೇ ಹೇಳಲಿ: ‘ಈಗ ಬಂದ ದಾರಿಯಲ್ಲಿ ಎಲ್ಲಿ ಇಕ್ಕಟ್ಟೆನಿಸಿತು?’ ಅವರು ಹೇಳಿದ ಜಾಗಕ್ಕೂ ನೀವು ಬರೆದುಕೊಂಡದ್ದಕ್ಕೂ ಹೆಚ್ಚಿನ ಸಲ ಹೊಂದಿಕೆ ಇರುತ್ತದೆ, ಅಲ್ಲಿಂದ ಮಾತು ಬೆಳೆಸಿ. ತಿದ್ದಲು ಒಂದೇ ವಿಷಯ ಆರಿಸಿ, ಬಹಳವಾದರೆ ಎರಡು. ಅಂತರ ಕಡಿಮೆ ಬಿಡುವವರಿಗೆ ಮೊದಲು ಅದನ್ನೇ ಆರಿಸಿ. ಅಂತರ ಸಿಕ್ಕರೆ ನೋಡಲು, ಯೋಚಿಸಲು, ನಿಧಾನಿಸಲು ಸಮಯ ಸಿಗುತ್ತದೆ, ಉಳಿದ ಎಷ್ಟೋ ತಪ್ಪುಗಳು ತಾವಾಗಿ ಸಡಿಲವಾಗುತ್ತವೆ. ಮುಂದಿನ 30 ನಿಮಿಷ ಆ ಒಂದೇ ವಿಷಯದ ಅಭ್ಯಾಸ, ಕೊನೆಯ 10 ನಿಮಿಷದಲ್ಲಿ ಮೂರು ಸಾಲು ಬರೆದುಕೊಟ್ಟು ಮುಂದಿನ ದಿನಾಂಕ ನಿಗದಿ ಮಾಡಿ. ಮೆಚ್ಚಿದ್ದನ್ನೂ ನಿರ್ದಿಷ್ಟವಾಗಿ ಬರೆಯಿರಿ. ‘ಚೆನ್ನಾಗಿತ್ತು’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ನಿಂತ ಬಸ್ಸಿನ ಮುಂದಿನಿಂದ ಯಾರಾದರೂ ಬರಬಹುದೆಂದು ಮೊದಲೇ ನಿಧಾನಿಸಿದಿರಿ’ ಎಂದರೆ ಅದು ಉಳಿಯುತ್ತದೆ.

ಇಂಟರ್‌ಕಾಮ್ ಮೊದಲ ಎರಡು ಮೂರು ಸುತ್ತಿಗೆ ಬೇಡ ಎಂಬುದು ನನ್ನ ಸಲಹೆ. ಹಿಂದಿರುವವರಿಗೆ ಕಾಣುವುದೂ ಮುಂದಿರುವವರಿಗೆ ಕಾಣುವುದೂ ಒಂದೇ ಅಲ್ಲ. ನೀವು ‘ಕನ್ನಡಿ ನೋಡಿ’ ಎನ್ನುವ ಹೊತ್ತಿಗೆ ಅವರ ಮುಂದೆ ನಾಯಿ ಅಡ್ಡ ಬಂದಿರಬಹುದು. ಆಮೇಲೆ ಬಳಸಿದರೂ ದಾರಿ ಹೇಳಲಷ್ಟೇ ಬಳಸಿ, ಜಂಕ್ಷನ್, ತಿರುವು, ಓವರ್‌ಟೇಕ್ ನಡೆದಿರುವಾಗ ಮೌನ. ಇಂಟರ್‌ಕಾಮ್ ಇಲ್ಲದಾಗ ಹೊರಡುವ ಮುನ್ನ ಸಂಕೇತ ಒಪ್ಪಿಕೊಳ್ಳಿ: ಮಾರ್ಗದರ್ಶಕರು ಇಂಡಿಕೇಟರ್ ಹಾಕಿದ ಕಡೆಗೆ, ಸುರಕ್ಷಿತವಿದ್ದರೆ ಮಾತ್ರ, ತಿರುಗುವುದು. ಕಾಣದಿದ್ದರೆ ನೇರ ಹೋಗಿ ಮುಂದೆ ಸಿಗುವ ಸುರಕ್ಷಿತ ಜಾಗದಲ್ಲಿ ನಿಂತು ಕಾಯುವುದು. ಸಿಗ್ನಲ್ಲಿನಲ್ಲಿ ಬೇರೆಯಾದರೆ ಮಾರ್ಗದರ್ಶಕರು ಹಿಡಿಯಲು ಓಡಬಾರದು. ಹಿಂದೆ ಬರುವವರು ವೇಗಮಿತಿ ಮೀರಿದರೆ ಕಲಿಯುವವರು ಕನ್ನಡಿಯಲ್ಲಿ ಅದನ್ನೇ ಕಲಿಯುತ್ತಾರೆ.

ಒಂದು ಎಚ್ಚರಿಕೆ. ಹಣ ಪಡೆದು ಕಲಿಸಲು ಅನೇಕ ಕಡೆ ಬೋಧಕರ ಪರವಾನಗಿ ಬೇಕು. ನೀವು ಪೆಟ್ರೋಲ್ ಖರ್ಚೆಂದು ಪಡೆಯುವುದೂ ಶುಲ್ಕವೆನಿಸಿಕೊಳ್ಳಬಹುದು, ಆಗ ವಿಮೆಗೂ ತೊಡಕು. ಮಾರ್ಗದರ್ಶಕರ ಸ್ವಂತ ವಿಮೆ ಇಂಥ ಸ್ವಯಂಸೇವೆಯನ್ನು ಒಳಗೊಳ್ಳುತ್ತದೆಯೇ ಎಂದು ವಿಮಾ ಕಂಪನಿಯಿಂದ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಪಕ್ಕದಲ್ಲಿ ಕೂತವರು ಸ್ಟೀರಿಂಗಿಗಾಗಲಿ ಹ್ಯಾಂಡ್‌ಬ್ರೇಕಿಗಾಗಲಿ ಕೈ ಹಾಕಬಾರದು ಎಂಬುದು ಒಪ್ಪಿಗೆ ಪತ್ರದಲ್ಲಿರಲಿ.

ಕೈಮರ

ಬೈಕಿನ ಮೂರು ಗಾಡಿಯ ಸುತ್ತಿಗೆ ಹಿಂಬದಿಕನ್ನಡಿ ಹೇಳಿದ ಸಂಕೇತಗಳೇ ಸಾಕು. ಕೊನೆಯಲ್ಲಿರುವ ಹಿರಿಯರು ಮಾತ್ರ ನಡುವಿನವರನ್ನು ಯಾವ ಕಾರಣಕ್ಕೂ ಓವರ್‌ಟೇಕ್ ಮಾಡಬಾರದು.

ನಾಲ್ವರು ತಯಾರಾಗಲು 10ರಿಂದ 12 ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ಹಳೆಯ ಮೂವರು ಹೊಸ ಕಲಿಕೆಯವರನ್ನು ತೆಗೆದುಕೊಳ್ಳಬಾರದು, ಈಗ ಕೈಯಲ್ಲಿರುವವರನ್ನು ಮುಗಿಸಿದರೆ ಸಾಕು. ಎರಡನ್ನೂ ಒಟ್ಟಿಗೆ ಹೊತ್ತು ದಣಿದು ಮಾರ್ಗದರ್ಶಕರೊಬ್ಬರು ಬಿಟ್ಟುಹೋದರೆ ನೀವು ಮೂರರಿಂದ ಎರಡಕ್ಕೆ ಇಳಿಯುತ್ತೀರಿ. ಸಂಯೋಜಕರಿಗೂ ಖಜಾಂಚಿಗೂ ಈಗಲೇ ಒಬ್ಬೊಬ್ಬ ಸಹಾಯಕರನ್ನು ಹಾಕಿ, ಖಾತೆಗೆ ಇಬ್ಬರ ಸಹಿ ಇರಲಿ, ಯಾವ ಹುದ್ದೆಯೂ ಮೂರು ವರ್ಷ ದಾಟದಿರಲಿ. ಮೇಜು ಹಾಕುವ ಮೊದಲ ದಿನಾಂಕವನ್ನು ನಾಲ್ಕನೆಯವರ ಪರಿಶೀಲನೆ ಮುಗಿದ ಮೇಲೆಯೇ ನಿಗದಿ ಮಾಡಿ.